ನೀರು, ಮಣ್ಣು ಮತ್ತು ಜೀವಜಾಲ: ಪ್ರಾಕೃತಿಕ ಭೂಗೋಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಕೃತಿಕ ಭೂಗೋಳವನ್ನು ಓದಲು ತೊಡಗುವವರು ಸಾಮಾನ್ಯವಾಗಿ ನೀರಿಗೊಂದು, ಮಣ್ಣಿಗೊಂದು, ಕಾಡು ಹುಲ್ಲುಗಾವಲುಗಳಿಗೊಂದು ಅಧ್ಯಾಯವೆಂದು ವಿಷಯವನ್ನು ಹಂಚಿಕೊಳ್ಳುತ್ತಾರೆ. ಪರೀಕ್ಷೆಯ ಅನುಕೂಲಕ್ಕೆ ಅದು ಸರಿಯೇ. ಆದರೆ ನೆಲದ ಮೇಲೆ ನಿಂತು ನೋಡಿದರೆ ಈ ಮೂರನ್ನು ಬೇರ್ಪಡಿಸುವ ಗೆರೆ ಎಲ್ಲಿಯೂ ಕಾಣುವುದಿಲ್ಲ. ಮಳೆ ಕಲ್ಲನ್ನು ಮಣ್ಣಾಗಿಸುತ್ತದೆ, ಮಣ್ಣು ಮಳೆನೀರನ್ನು ಹಿಡಿದಿಟ್ಟುಕೊಂಡು ಬೇರಿಗೆ ಉಣಿಸುತ್ತದೆ, ಬೇರು ಮಣ್ಣನ್ನು ಕಟ್ಟಿಹಿಡಿದು ನೀರನ್ನು ಮತ್ತೆ ಆಕಾಶಕ್ಕೆ ಬಿಡುತ್ತದೆ. ಮುಂದಿನ ಉತ್ತರಗಳನ್ನು ಈ ನಂಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಪ್ರಾಕೃತಿಕ ಭೂಗೋಳ ಎಂದರೆ ನಿಖರವಾಗಿ ಏನು?

ಭೂಮಿಯ ಮೇಲ್ಮೈಯಲ್ಲಿ ನಿಸರ್ಗದ ಪ್ರಕ್ರಿಯೆಗಳು ಎಲ್ಲಿ, ಹೇಗೆ ಮತ್ತು ಏಕೆ ನಡೆಯುತ್ತವೆ ಎಂಬುದನ್ನು ಅಭ್ಯಸಿಸುವ ಶಾಖೆಯೇ ಪ್ರಾಕೃತಿಕ ಭೂಗೋಳ. ಬಂಡೆ ಮತ್ತು ಭೂರೂಪಗಳ ಶಿಲಾವರಣ, ಗಾಳಿಯ ವಾಯುಮಂಡಲ, ನೀರಿನ ಜಲಾವರಣ, ಜೀವಿಗಳ ಜೀವಮಂಡಲ ಎಂದು ನಾಲ್ಕು ಭಾಗಗಳನ್ನು ಹೇಳುವುದು ವಾಡಿಕೆ. ಈ ನಾಲ್ಕೂ ಒಂದೇ ಹಿಡಿಯಲ್ಲಿ ಸೇರುವ ಜಾಗವನ್ನು ತೋರಿಸಿ ಎಂದು ಯಾರಾದರೂ ಕೇಳಿದರೆ ಒಂದು ಮುಷ್ಟಿ ಮಣ್ಣನ್ನು ಎತ್ತಿ ತೋರಿಸಬಹುದು. ಅದರಲ್ಲಿ ಕಲ್ಲಿನ ಪುಡಿಯಿದೆ, ಗಾಳಿಯಿದೆ, ನೀರಿದೆ, ಎಣಿಕೆಗೆ ಸಿಗದಷ್ಟು ಸೂಕ್ಷ್ಮಜೀವಿಗಳಿವೆ.

ಭೂಮಿಯ ಮುಕ್ಕಾಲು ಭಾಗ ನೀರೇ ಆಗಿದ್ದರೂ ಸಿಹಿನೀರಿಗೆ ಕೊರತೆ ಏಕೆ?

ಭೂಮಿಯ ಮೇಲ್ಮೈಯ ಸುಮಾರು 71 ಶೇಕಡಾ ಭಾಗವನ್ನು ನೀರು ಆವರಿಸಿದೆ, ಒಟ್ಟು ನೀರಿನ ಗಾತ್ರ ಸುಮಾರು 138 ಕೋಟಿ ಘನ ಕಿಲೋಮೀಟರ್. ಈ ಸಂಖ್ಯೆ ಕಲ್ಪನೆಗೆ ನಿಲುಕುವುದಿಲ್ಲವಾದ್ದರಿಂದ ಅಷ್ಟನ್ನೂ 1,000 ಲೀಟರಿನ ಒಂದು ತೊಟ್ಟಿಯಲ್ಲಿ ತುಂಬಿದ್ದೇವೆ ಎಂದುಕೊಳ್ಳೋಣ. ಅದರಲ್ಲಿ 975 ಲೀಟರ್ ಉಪ್ಪುನೀರು. ಉಳಿದ 25 ಲೀಟರ್ ಸಿಹಿನೀರಿನಲ್ಲಿ ಸುಮಾರು 17 ಲೀಟರ್ ಹಿಮನದಿಗಳಲ್ಲೂ ಧ್ರುವಪ್ರದೇಶಗಳ ಹಿಮದ ಹೊದಿಕೆಯಲ್ಲೂ ಗಟ್ಟಿಯಾಗಿ ಕುಳಿತಿದೆ, ಸುಮಾರು ಏಳೂವರೆ ಲೀಟರ್ ನೆಲದೊಳಗಿದೆ. ಜಗತ್ತಿನ ಎಲ್ಲ ಸಿಹಿನೀರಿನ ಸರೋವರಗಳ ಪಾಲು ಸುಮಾರು 65 ಮಿಲಿಲೀಟರ್, ಎಂದರೆ ಒಂದು ಸಣ್ಣ ಲೋಟದಷ್ಟು. ಎಲ್ಲ ನದಿಗಳನ್ನೂ ಕೂಡಿಸಿದರೆ ಸಿಗುವುದು ಸುಮಾರು ಒಂದೂವರೆ ಮಿಲಿಲೀಟರ್; ಒಂದು ಚಮಚ ತುಂಬಲೂ ಅದು ಸಾಲದು.

ಹಾಗಾದರೆ ಆ ಒಂದೂವರೆ ಮಿಲಿಲೀಟರಿನ ಮೇಲೆ ನಾಗರಿಕತೆಗಳು ಹೇಗೆ ಬಾಳಿದವು? ಉತ್ತರವಿರುವುದು ದಾಸ್ತಾನಿನಲ್ಲಲ್ಲ, ಹರಿವಿನಲ್ಲಿ. ಯಾವುದೇ ಒಂದು ಕ್ಷಣದಲ್ಲಿ ನದಿಗಳಲ್ಲಿರುವ ನೀರು ಸುಮಾರು 2,000 ಘನ ಕಿಲೋಮೀಟರ್ ಮಾತ್ರ, ಆದರೆ ವರ್ಷವಿಡೀ ಅವು ಸಮುದ್ರಕ್ಕೆ ಹರಿಸುವುದು ಸುಮಾರು 40,000 ಘನ ಕಿಲೋಮೀಟರ್. ನದಿಯ ನೀರು ವರ್ಷಕ್ಕೆ ಹತ್ತಾರು ಬಾರಿ ಹೊಸದಾಗುತ್ತದೆ. ನೀರಿನ ಕೊರತೆಯ ಮಾತು ಬಂದಾಗ ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ಬೇಗ ಮರುತುಂಬುತ್ತದೆ, ಯಾವ ಋತುವಿನಲ್ಲಿ, ಎಲ್ಲಿ ಎಂಬುದನ್ನೂ ಕೇಳಲೇಬೇಕು. ಬರೀ ಒಟ್ಟು ಲೆಕ್ಕ ನೋಡಿ ನೆಮ್ಮದಿ ಪಡುವುದೂ ತಪ್ಪು, ಗಾಬರಿಯಾಗುವುದೂ ತಪ್ಪು.

ಜಲಚಕ್ರ ಎಂಬುದು ನಿಜವಾಗಿಯೂ ಒಂದು ಚಕ್ರವೇ?

ಪಠ್ಯಪುಸ್ತಕದ ಚಿತ್ರದಲ್ಲಿ ಸಮುದ್ರದಿಂದ ಎದ್ದ ಆವಿ ಮೋಡವಾಗಿ, ಬೆಟ್ಟದ ಮೇಲೆ ಮಳೆಯಾಗಿ, ನದಿಯಾಗಿ ಮತ್ತೆ ಸಮುದ್ರ ಸೇರುತ್ತದೆ. ಈ ಚಿತ್ರ ಸುಳ್ಳಲ್ಲ, ಆದರೆ ಬಹುಪಾಲು ನೀರು ಹಿಡಿಯುವ ದಾರಿ ಅದಲ್ಲ. ಜಗತ್ತಿನ ಒಟ್ಟು ಆವಿಯಲ್ಲಿ ಸುಮಾರು 86 ಶೇಕಡಾ ಸಮುದ್ರದಿಂದ ಏಳುತ್ತದೆ, ಒಟ್ಟು ಮಳೆಯ ಸುಮಾರು 78 ಶೇಕಡಾ ಸಮುದ್ರದ ಮೇಲೆಯೇ ಬೀಳುತ್ತದೆ. ನೆಲದವರೆಗೆ ಬರುವುದು ಉಳಿದ ಚಿಕ್ಕ ಪಾಲು. ನೆಲಕ್ಕೆ ಬಿದ್ದ ಮೇಲೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ನದಿಯನ್ನು ಕಾಣದೆಯೇ ಮಣ್ಣಿನಿಂದ ಆವಿಯಾಗಿ, ಎಲೆಗಳಿಂದ ಬಾಷ್ಪವಾಗಿ ಗಾಳಿಗೆ ಮರಳುತ್ತದೆ. ಅಮೆಜಾನ್‌ನಂತಹ ದೊಡ್ಡ ಕಾಡಿನಲ್ಲಿ ಕರಾವಳಿಯ ಕಡೆ ಸುರಿದ ಮಳೆ ಮರಗಳ ಮೂಲಕ ಮೇಲೆದ್ದು, ಗಾಳಿಯೊಡನೆ ಒಳನಾಡಿಗೆ ಸಾಗಿ ಮತ್ತೊಮ್ಮೆ ಮಳೆಯಾಗುತ್ತದೆ. ಮರ ಕಡಿದರೆ ಮಳೆ ಕಡಿಮೆಯಾಗುತ್ತದೆ ಎಂಬ ಮಾತು ಎಲ್ಲ ಕಡೆಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಆದರೆ ಇಂತಹ ವಿಶಾಲವಾದ ಕಾಡುಗಳ ಮಟ್ಟಿಗೆ ಅದರ ಹಿಂದಿರುವ ತರ್ಕ ಇದೇ.

ಒಮ್ಮೆ ಗಾಳಿ ಸೇರಿದ ನೀರಿನ ಕಣ ಸರಾಸರಿ 9 ದಿನಗಳಷ್ಟೇ ಅಲ್ಲಿರುತ್ತದೆ. ಸಮುದ್ರ ಸೇರಿದರೆ ಅಲ್ಲಿಂದ ಹೊರಬರಲು ಸರಾಸರಿ ಮೂರು ಸಾವಿರ ವರ್ಷಗಳಾದರೂ ಬೇಕು.

ನದಿಗಳಿಗೆ ಇಷ್ಟು ನೀರು ಮಳೆಯಿಂದಲೇ ಬರುತ್ತದೆ ಎಂದು ಮೊದಲು ಗೊತ್ತಾದದ್ದು ಹೇಗೆ?

ಮಳೆಯಿಲ್ಲದ ತಿಂಗಳುಗಳಲ್ಲೂ ಹರಿಯುವ ನದಿಯನ್ನು ಕಂಡವರಿಗೆ ಮಳೆಯೊಂದೇ ಅದಕ್ಕೆ ಮೂಲ ಎಂದು ನಂಬುವುದು ಕಷ್ಟವಾಗಿತ್ತು. ಸಮುದ್ರದ ನೀರೇ ನೆಲದಡಿಯ ಸುರಂಗಗಳಲ್ಲಿ ಹರಿದು, ಸೋಸಿ, ಬೆಟ್ಟದ ಒರತೆಗಳಲ್ಲಿ ಚಿಮ್ಮುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಇತ್ತು. ಪಿಯರ್ ಪೆರೋ ಎಂಬ ಫ್ರೆಂಚ್ ವ್ಯಕ್ತಿ ಸೆನ್ ನದಿಯ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಬೀಳುವ ಮಳೆಯನ್ನೂ ನದಿಯಲ್ಲಿ ಹರಿಯುವ ನೀರನ್ನೂ ಲೆಕ್ಕಹಾಕಿ, ಮಳೆ ನದಿಯ ಹರಿವಿನ ಸುಮಾರು ಆರು ಪಟ್ಟು ಇದೆ ಎಂದು 1674ರಲ್ಲಿ ಪ್ರಕಟಿಸಿದನು. ಮಳೆ ಸಾಲದು ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಊಹೆಯನ್ನು ಅಳತೆಯಿಂದ ಎದುರಿಸಿದ ಈ ಸರಳ ಕೆಲಸ ನನಗೆ ಇಡೀ ಜಲವಿಜ್ಞಾನದಲ್ಲೇ ಬಹಳ ಪ್ರಿಯವಾದದ್ದು.

ಬೇಸಿಗೆಯಲ್ಲಿ ನದಿ ಹರಿಯುವುದಕ್ಕೆ ಕಾರಣ ಅಂತರ್ಜಲ. ಮಳೆಗಾಲದಲ್ಲಿ ನೆಲಕ್ಕೆ ಇಂಗಿದ ನೀರು ನಿಧಾನವಾಗಿ ಸರಿದು ಬಂದು ನದಿಯ ಪಾತ್ರದಲ್ಲಿ ಸೆಲೆಯಾಗಿ ಜಿನುಗುತ್ತದೆ. ಬಾವಿಗಳನ್ನು ಅತಿಯಾಗಿ ಬತ್ತಿಸಿದಾಗ ಪಕ್ಕದ ಹಳ್ಳವೂ ಒಣಗುವುದು ಇದರಿಂದಲೇ. ಅವು ಎರಡು ನೀರುಗಳಲ್ಲ, ಒಂದೇ ನೀರಿನ ಎರಡು ಮುಖಗಳು.

ನೆಲದೊಳಗೆ ನದಿಗಳೂ ಕೆರೆಗಳೂ ಇವೆಯೇ?

ಬಹುತೇಕ ಕಡೆ ಇಲ್ಲ. ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಮಳೆನೀರಿನ ದುರ್ಬಲ ಆಮ್ಲವು ಕಲ್ಲನ್ನು ಕರಗಿಸಿ ಗುಹೆಗಳನ್ನು ಕೊರೆಯುವುದರಿಂದ ಅಲ್ಲಿ ನಿಜವಾದ ತೊರೆಗಳು ನೆಲದಡಿ ಹರಿಯುತ್ತವೆ. ಉಳಿದೆಡೆ ಅಂತರ್ಜಲವೆಂದರೆ ಕಣಗಳ ನಡುವಿನ ಸಂದುಗಳಲ್ಲಿ, ಬಂಡೆಯ ಬಿರುಕುಗಳಲ್ಲಿ ತುಂಬಿಕೊಂಡ ನೀರು. ಮರಳು ತುಂಬಿದ ಗಾಜಿನ ಪಾತ್ರೆಗೆ ನೀರು ಹೊಯ್ದರೆ ಮರಳಿನ ಮಟ್ಟ ಏರದೆಯೇ ನೀರು ಒಳಗೆ ಅಡಗುತ್ತದೆ. ಅಂತರ್ಜಲವನ್ನು ಕಲ್ಪಿಸಿಕೊಳ್ಳಲು ಅಷ್ಟು ಸಾಕು.

ಇಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ತಿಳಿಯುವುದು ಅಗತ್ಯ. ಒಂದು, ಒಳಗೆ ಎಷ್ಟು ಖಾಲಿ ಜಾಗವಿದೆ ಎಂಬುದು. ಇನ್ನೊಂದು, ಆ ಜಾಗಗಳು ಒಂದಕ್ಕೊಂದು ಎಷ್ಟು ಸುಲಭವಾಗಿ ದಾರಿ ಕೊಡುತ್ತವೆ ಎಂಬುದು. ಜೇಡಿಮಣ್ಣಿನಲ್ಲಿ ಒಟ್ಟು ಖಾಲಿ ಜಾಗ ಮರಳಿಗಿಂತ ಹೆಚ್ಚೇ ಇರುತ್ತದೆ, ಆದರೆ ಸಂದುಗಳು ಎಷ್ಟು ಕಿರಿದೆಂದರೆ ನೀರು ಕಣಗಳಿಗೆ ಅಂಟಿಕೊಂಡು ನಿಂತುಬಿಡುತ್ತದೆ. ಹೀಗಾಗಿ ಜೇಡಿಯ ಪದರದಲ್ಲಿ ಬಾವಿ ತೋಡಿದರೆ ನೀರಿದ್ದೂ ದಕ್ಕುವುದಿಲ್ಲ. ನೀರು ಇಂತಹ ಪದರಗಳಲ್ಲಿ ಹರಿಯುವ ವೇಗವನ್ನು ಲೆಕ್ಕಹಾಕುವ ಸೂತ್ರವನ್ನು ಫ್ರಾನ್ಸಿನ ದಿಜಾನ್ ನಗರಕ್ಕೆ ನೀರು ಒದಗಿಸಿದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಕೊಳವೆಗಳಲ್ಲಿ ಪ್ರಯೋಗ ಮಾಡಿ 1856ರಲ್ಲಿ ನೀಡಿದನು. ಇಂದಿಗೂ ಅಂತರ್ಜಲದ ಲೆಕ್ಕಾಚಾರ ಅದರ ಮೇಲೆಯೇ ನಿಂತಿದೆ.

ಕೆಲವು ಅಂತರ್ಜಲ ಭಂಡಾರಗಳು ಇಂದಿನ ಮಳೆಯಿಂದ ತುಂಬಿದವುಗಳಲ್ಲ. ಸಹಾರಾದ ಪೂರ್ವಭಾಗದ ಅಡಿಯಲ್ಲಿರುವ ನ್ಯೂಬಿಯನ್ ಮರಳುಗಲ್ಲಿನ ನೀರು, ಆ ಪ್ರದೇಶ ಹಸಿರಾಗಿದ್ದ ಹಳೆಯ ಕಾಲಗಳಲ್ಲಿ ಇಂಗಿದ್ದು. ಅದನ್ನು ಮೇಲೆತ್ತುವುದು ಬಾವಿಯಿಂದ ಸೇದಿದಂತಲ್ಲ, ಗಣಿಯಿಂದ ತೆಗೆದಂತೆ, ತೆಗೆದಷ್ಟು ಮುಗಿಯುತ್ತದೆ.

ನದಿಯ ನೀರು ಸಿಹಿಯಾಗಿದ್ದರೂ ಅದು ಸೇರುವ ಸಮುದ್ರ ಉಪ್ಪಾಗಿರುವುದೇಕೆ?

ನದಿಯ ನೀರಿನಲ್ಲೂ ಲವಣಗಳಿವೆ, ನಾಲಿಗೆಗೆ ತಿಳಿಯದಷ್ಟು ಕಡಿಮೆ. ಬಂಡೆಗಳಿಂದ ಕರಗಿ ಬಂದ ಈ ಲವಣಗಳು ಸಮುದ್ರ ಸೇರಿದ ಮೇಲೆ ನೀರು ಮಾತ್ರ ಆವಿಯಾಗಿ ಮರಳುತ್ತದೆ, ಲವಣ ಉಳಿಯುತ್ತದೆ. ಸಮುದ್ರತಳದ ಜ್ವಾಲಾಮುಖಿಗಳೂ ಬಿಸಿನೀರಿನ ಬುಗ್ಗೆಗಳೂ ತಮ್ಮ ಪಾಲು ಸೇರಿಸುತ್ತವೆ. ಹೀಗೆ ಕೋಟ್ಯಂತರ ವರ್ಷಗಳಲ್ಲಿ ಇಂದಿನ ಪ್ರಮಾಣ, ಎಂದರೆ ಪ್ರತಿ ಕಿಲೋಗ್ರಾಂ ನೀರಿಗೆ ಸುಮಾರು 35 ಗ್ರಾಂ ಲವಣ, ಒದಗಿದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ನದಿಗಳು ಹೆಚ್ಚಾಗಿ ಹೊತ್ತು ತರುವುದು ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟನ್ನು. ಆದರೆ ಸಮುದ್ರದಲ್ಲಿ ಹೇರಳವಾಗಿರುವುದು ಸೋಡಿಯಂ ಮತ್ತು ಕ್ಲೋರೈಡ್. ಕ್ಯಾಲ್ಸಿಯಂ ಎಲ್ಲಿ ಹೋಯಿತು? ಹವಳ, ಚಿಪ್ಪು, ಕಣ್ಣಿಗೆ ಕಾಣದ ಎಷ್ಟೋ ತೇಲುಜೀವಿಗಳು ಅದನ್ನು ಹೀರಿ ತಮ್ಮ ಕವಚ ಕಟ್ಟಿಕೊಳ್ಳುತ್ತವೆ, ಸತ್ತ ಮೇಲೆ ಆ ಕವಚಗಳು ತಳಕ್ಕೆ ಇಳಿದು ಕಾಲಾಂತರದಲ್ಲಿ ಸುಣ್ಣಕಲ್ಲಾಗುತ್ತವೆ. ಸಮುದ್ರದ ರುಚಿಯನ್ನು ನಿರ್ಧರಿಸಿದ್ದರಲ್ಲಿ ಜೀವಿಗಳ ಕೈವಾಡವೂ ಇದೆ.

ಮಂಜುಗಡ್ಡೆ ನೀರಿನ ಮೇಲೆ ತೇಲುವುದು ಅಷ್ಟು ಮುಖ್ಯವೇಕೆ?

ಸಿಹಿನೀರು 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಂಪಾದರೆ ಹಗುರವಾಗಿ ಮೇಲೇರುತ್ತದೆ, ಮೇಲೆಯೇ ಹೆಪ್ಪುಗಟ್ಟುತ್ತದೆ. ಚಳಿಪ್ರದೇಶದ ಸರೋವರವು ಮೇಲಿನಿಂದ ಗಟ್ಟಿಯಾಗುತ್ತಾ ಬಂದಾಗ ಆ ಗಡ್ಡೆಯೇ ಕೆಳಗಿನ ನೀರಿಗೆ ಹೊದಿಕೆಯಾಗಿ, ಮೀನುಗಳು ತಳದಲ್ಲಿ ಚಳಿಗಾಲ ಕಳೆಯುತ್ತವೆ. ತಳದಿಂದ ಹೆಪ್ಪುಗಟ್ಟುವಂತಿದ್ದರೆ ಅಂತಹ ಎಷ್ಟೋ ಸರೋವರಗಳಲ್ಲಿ ಬದುಕೇ ಸಾಧ್ಯವಾಗುತ್ತಿರಲಿಲ್ಲ.

ಮಣ್ಣು ಎಂದರೆ ಪುಡಿಯಾದ ಕಲ್ಲು ಎಂದರೆ ತಪ್ಪೇ?

ತಪ್ಪು. ಕಲ್ಲಿನ ಪುಡಿ ಮಣ್ಣಿನ ಆರಂಭ ಮಾತ್ರ. ಉತ್ತಮ ಸ್ಥಿತಿಯಲ್ಲಿರುವ ಮೇಲ್ಮಣ್ಣಿನ ಗಾತ್ರದಲ್ಲಿ ಸುಮಾರು 45 ಶೇಕಡಾ ಖನಿಜ ಕಣಗಳು, 25 ಶೇಕಡಾ ನೀರು, 25 ಶೇಕಡಾ ಗಾಳಿ, 5 ಶೇಕಡಾ ಸಾವಯವ ಅಂಶ ಇರುತ್ತವೆ ಎಂದು ಮಾದರಿಯಾಗಿ ಹೇಳುತ್ತಾರೆ. ನಾವು ಗಟ್ಟಿ ನೆಲವೆಂದು ತುಳಿಯುವುದರಲ್ಲಿ ಅರ್ಧದಷ್ಟು ಖಾಲಿ ಜಾಗ. ಬೇರು ಉಸಿರಾಡುವುದು, ನೀರು ಇಂಗುವುದು ಆ ಖಾಲಿ ಜಾಗದಲ್ಲಿಯೇ. ಭಾರದ ಯಂತ್ರ ಓಡಾಡಿ ನೆಲ ಬಿಗಿದಾಗ ಒಂದು ಗುಲಗಂಜಿಯಷ್ಟು ಖನಿಜವೂ ಕಡಿಮೆಯಾಗುವುದಿಲ್ಲ, ಆದರೂ ಮಣ್ಣು ಕೆಡುತ್ತದೆ, ಏಕೆಂದರೆ ಹಾಳಾದದ್ದು ಆ ಖಾಲಿ ಜಾಗ.

ಮಣ್ಣು ತನ್ನದೇ ನಿಯಮಗಳಿರುವ ನೈಸರ್ಗಿಕ ಕಾಯ ಎಂದು ಸ್ಪಷ್ಟವಾಗಿ ತೋರಿಸಿದವನು ರಷ್ಯಾದ ವಾಸಿಲಿ ಡೊಕುಚಾಯೆವ್. ಹುಲ್ಲುಗಾವಲಿನ ಕಪ್ಪುಮಣ್ಣಾದ ಚೆರ್ನೋಜೆಮ್ ಕುರಿತ ತನ್ನ ಅಧ್ಯಯನವನ್ನು ಅವನು 1883ರಲ್ಲಿ ಪ್ರಕಟಿಸಿದನು. ಮಾತೃಶಿಲೆ, ಹವಾಮಾನ, ಜೀವಿಗಳು, ನೆಲದ ಏರಿಳಿತ ಮತ್ತು ಕಾಲ ಎಂಬ ಐದು ಅಂಶಗಳು ಸೇರಿ ಮಣ್ಣನ್ನು ರೂಪಿಸುತ್ತವೆ ಎಂಬ ವಿಚಾರವನ್ನು ಹಾನ್ಸ್ ಜೆನ್ನಿ 1941ರಲ್ಲಿ ಸಮೀಕರಣದ ರೂಪಕ್ಕೆ ತಂದನು. ಒಂದೇ ಬಂಡೆ ಮಳೆಯ ನಾಡಿನಲ್ಲಿ ಒಂದು ಮಣ್ಣಾಗುತ್ತದೆ, ಒಣನಾಡಿನಲ್ಲಿ ಇನ್ನೊಂದಾಗುತ್ತದೆ. ಇಳಿಜಾರಿನಲ್ಲಿ ತೆಳ್ಳಗಿರುವ ಪದರ ತಗ್ಗಿನಲ್ಲಿ ಮೊಣಕಾಲುದ್ದವಿರುತ್ತದೆ. ಕಾಲದ ವಿಷಯದಲ್ಲಿ ಮಾತ್ರ ನಿಸರ್ಗಕ್ಕೆ ಆತುರವಿಲ್ಲ: ಎರಡು ಮೂರು ಸೆಂಟಿಮೀಟರ್ ಮಣ್ಣು ಕೂಡಲು ಹಲವು ಕಡೆ ಸಾವಿರ ವರ್ಷಗಳವರೆಗೂ ಬೇಕಾಗುತ್ತದೆ.

ಮಣ್ಣಿನ ಪದರಗಳನ್ನು ಹೇಗೆ ಗುರುತಿಸಬೇಕು?

ರಸ್ತೆಗಾಗಿ ಕಡಿದ ದಿಬ್ಬದ ಮುಂದೆ ನಿಂತರೆ ಸಾಕು. ಅತ್ಯಂತ ಮೇಲೆ ತರಗೆಲೆ ಮತ್ತು ಅರೆಕೊಳೆತ ಕಸದ ತೆಳು ಹೊದಿಕೆ. ಅದರ ಕೆಳಗೆ ಹ್ಯೂಮಸ್ (ಚೆನ್ನಾಗಿ ಕೊಳೆತ ಸಾವಯವ ಅಂಶ) ಬೆರೆತ, ಬಣ್ಣದಲ್ಲಿ ಗಾಢವಾದ, ಬೇರುಗಳು ಹೆಣೆದುಕೊಂಡ ಮೇಲ್ಮಣ್ಣು. ಬೆರಳಿನಿಂದ ಕೆರೆದರೆ ಅದು ಕಾಳುಕಾಳಾಗಿ ಉದುರುತ್ತದೆ. ಇನ್ನೂ ಕೆಳಗೆ ಮೇಲಿನಿಂದ ತೊಳೆದು ಬಂದ ಜೇಡಿ ಮತ್ತು ಕಬ್ಬಿಣ ತಂಗಿದ ಕೆಳಮಣ್ಣು ಇರುತ್ತದೆ. ಅದು ಬಿಗಿಯಾಗಿದ್ದು ಹೆಂಟೆಹೆಂಟೆಯಾಗಿ ಒಡೆಯುತ್ತದೆ. ಅದರಡಿಯಲ್ಲಿ ಬಂಡೆಯ ಆಕಾರವನ್ನು ಇನ್ನೂ ಬಿಡದ, ಆದರೆ ಉಗುರಿಗೆ ಪುಡಿಯಾಗುವ ಶಿಥಿಲ ಕಲ್ಲು. ಕೊನೆಗೆ ಗಟ್ಟಿ ಬಂಡೆ. ಮರಳು ಹೆಚ್ಚಿರುವ ತಂಪು ಪ್ರದೇಶದ ಸೂಚಿಪರ್ಣ ಕಾಡುಗಳಲ್ಲಿ ಮೇಲ್ಮಣ್ಣಿಗೂ ಕೆಳಮಣ್ಣಿಗೂ ನಡುವೆ ಬೂದಿಬಣ್ಣದ, ಸತ್ವವೆಲ್ಲ ಬಸಿದುಹೋದ ಒಂದು ಪಟ್ಟಿ ಎದ್ದುಕಾಣುತ್ತದೆ.

ಈ ಪದರಗಳನ್ನು ಬೆರೆಸುವವರೂ ಇದ್ದಾರೆ. ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ವರ್ಷಗಳಲ್ಲಿ ಎರೆಹುಳುಗಳನ್ನು ಅಭ್ಯಸಿಸಿ, ಇಂಗ್ಲೆಂಡಿನ ಹಲವು ಕಡೆ ವರ್ಷಕ್ಕೆ ಎಕರೆಯೊಂದರ ಹತ್ತು ಟನ್‌ಗೂ ಹೆಚ್ಚು ಮಣ್ಣು ಅವುಗಳ ದೇಹದ ಮೂಲಕ ಹಾದು ಮೇಲಕ್ಕೆ ಬರುತ್ತದೆ ಎಂದು 1881ರಲ್ಲಿ ತಿಳಿಸಿದನು.

ಮರಳು, ಗೋಡು, ಜೇಡಿ: ನಮ್ಮ ಮುಂದಿರುವ ಮಣ್ಣು ಯಾವುದು ಎಂದು ತಿಳಿಯುವುದು ಹೇಗೆ?

ವ್ಯತ್ಯಾಸವಿರುವುದು ಕಣದ ಗಾತ್ರದಲ್ಲಿ. 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗಿನ ಕಣ ಮರಳು, ಅಲ್ಲಿಂದ 0.002 ಮಿಲಿಮೀಟರಿನವರೆಗಿನದು ರೇವೆ, ಅದಕ್ಕಿಂತ ಸಣ್ಣದು ಜೇಡಿ. ಮೂರೂ ಹದವಾಗಿ ಬೆರೆತದ್ದನ್ನು ಗೋಡುಮಣ್ಣು ಎನ್ನುತ್ತೇವೆ.

ಒಂದು ಉದ್ದನೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಕದಲಿಸದೆ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಕೆಲವು ಗಂಟೆಗಳಲ್ಲಿ ಅದರ ಮೇಲೆ ನಯವಾದ ರೇವೆಯ ಪದರ ಕೂರುತ್ತದೆ. ನೀರು ಮಾತ್ರ ಇನ್ನೂ ಮಸುಕಾಗಿಯೇ ಇರುತ್ತದೆ. ಆ ಮಸುಕೇ ಜೇಡಿ, ಅದು ಇಳಿಯಲು ಒಂದೆರಡು ದಿನಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಮೇಲೆ ತೇಲುವ ಕಡ್ಡಿಕಸ ಸಾವಯವ ಅಂಶ. ಪ್ರವಾಹ ಇಳಿಯುವಾಗ ನದಿಯು ಮರಳನ್ನು ದಡದ ಹತ್ತಿರ, ರೇವೆ ಮತ್ತು ಜೇಡಿಯನ್ನು ದೂರದ ಬಯಲಿನಲ್ಲಿ ಬಿಟ್ಟುಹೋಗುವುದೂ ಇದೇ ಕ್ರಮದಿಂದ. ನದಿಯ ಕೆಲಸವನ್ನು ಆ ಬಾಟಲಿಯೊಳಗೆ ಕಣ್ಣಾರೆ ನೋಡಬಹುದು.

ಜೇಡಿಗೆ ಪ್ರಾಮುಖ್ಯ ಬಂದಿರುವುದು ಅದರ ಮೇಲ್ಮೈಯಿಂದ. ಕೆಲವು ಬಗೆಯ ಜೇಡಿಯ ಒಂದೇ ಗ್ರಾಂನಲ್ಲಿ ನೂರಾರು ಚದರ ಮೀಟರ್ ಮೇಲ್ಮೈ ಅಡಗಿದ್ದು, ಅದರ ಋಣ ವಿದ್ಯುದಂಶಕ್ಕೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದ ಪೋಷಕಾಂಶಗಳು ಅಂಟಿಕೊಂಡು ಬೇರಿಗಾಗಿ ಕಾದಿರುತ್ತವೆ. ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಆ ಬಿರುಕಿಗೆ ಬಿದ್ದು, ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ.

ಮಣ್ಣಿನ ಬಣ್ಣ ನೋಡಿ ಫಲವತ್ತತೆ ಹೇಳಬಹುದೇ?

ಸ್ವಲ್ಪ ಮಟ್ಟಿಗೆ ಮಾತ್ರ. ಕೆಂಪು ಮತ್ತು ಹಳದಿ ಬಣ್ಣ ಕಬ್ಬಿಣದ ಆಕ್ಸೈಡುಗಳಿಂದ ಬರುತ್ತದೆ, ಗಾಳಿಯಾಡುವ ನೆಲದ ಗುರುತು ಅದು. ಬೂದು ನೀಲಿ ಬಣ್ಣ ನೀರು ನಿಂತು ಆಮ್ಲಜನಕ ಇಲ್ಲದಿರುವುದನ್ನು ಹೇಳುತ್ತದೆ. ಕಪ್ಪೆಂದರೆ ಹ್ಯೂಮಸ್ ಎಂಬ ನಂಬಿಕೆ ಚೆರ್ನೋಜೆಮ್‌ಗೆ ಸರಿಹೊಂದುತ್ತದೆ, ಆದರೆ ಎರೆಮಣ್ಣಿನಲ್ಲಿ ಸಾವಯವ ಅಂಶ ಕಡಿಮೆಯಿದ್ದರೂ ಬಣ್ಣ ಕಪ್ಪಾಗಿರುತ್ತದೆ. ಬಣ್ಣವನ್ನು ಸುಳಿವಾಗಿ ಬಳಸಬೇಕು, ತೀರ್ಪಾಗಿ ಅಲ್ಲ.

ದಟ್ಟ ಮಳೆಕಾಡಿನ ಮಣ್ಣು ಬಡವಾಗಿರುತ್ತದೆ ಎನ್ನುತ್ತಾರೆ. ಅದು ಹೇಗೆ ಸಾಧ್ಯ?

ಈ ಪ್ರಶ್ನೆಯಷ್ಟು ಚೆನ್ನಾಗಿ ನೀರು, ಮಣ್ಣು, ಜೀವಿಗಳ ನಂಟನ್ನು ತೋರಿಸುವ ಪ್ರಶ್ನೆ ಇನ್ನೊಂದಿಲ್ಲ. ಉಷ್ಣವಲಯದಲ್ಲಿ ಬಿಸಿಲೂ ಮಳೆಯೂ ವರ್ಷವಿಡೀ ಇರುವುದರಿಂದ ಬಂಡೆ ಬಹಳ ಆಳದವರೆಗೆ ಶಿಥಿಲವಾಗಿ, ಕರಗಬಲ್ಲ ಪೋಷಕಾಂಶಗಳೆಲ್ಲ ಮಳೆಯೊಡನೆ ಬಸಿದುಹೋಗುತ್ತವೆ. ಉಳಿಯುವುದು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು. ಜಂಬಿಟ್ಟಿಗೆ ರೂಪುಗೊಳ್ಳುವುದೂ ಇಂತಹ ಪರಿಸ್ಥಿತಿಯಲ್ಲಿಯೇ. ಹಾಗಿದ್ದೂ ಕಾಡು ಸೊಂಪಾಗಿರಲು ಕಾರಣ, ಅಲ್ಲಿಯ ಸಂಪತ್ತು ಮಣ್ಣಿನಲ್ಲಿಲ್ಲದೆ ಮರಗಳಲ್ಲಿಯೇ ಇರುವುದು. ಉದುರಿದ ಎಲೆ ಕೆಲವೇ ವಾರ ತಿಂಗಳುಗಳಲ್ಲಿ ಕೊಳೆಯುತ್ತದೆ, ಮೇಲ್ಪದರದಲ್ಲೇ ಹರಡಿದ ಬೇರುಗಳೂ ಅವುಗಳೊಡನೆ ಬಾಳುವ ಶಿಲೀಂಧ್ರಗಳೂ ಬಿಡುಗಡೆಯಾದ ಪೋಷಕಾಂಶವನ್ನು ಮಳೆ ಒಯ್ಯುವ ಮೊದಲೇ ಹಿಡಿದುಬಿಡುತ್ತವೆ. ಮರ ಕಡಿದು ಸುಟ್ಟರೆ ಬೂದಿಯ ಬಲದಿಂದ ಎರಡು ಮೂರು ವರ್ಷ ಬೆಳೆ ಬರುತ್ತದೆ, ಆಮೇಲೆ ನೆಲ ಕೈಬಿಡುತ್ತದೆ.

ಬಸಿದುಹೋದದ್ದರ ಒಂದು ಪಾಲು ಬರುವುದು ಯಾರೂ ಊಹಿಸದ ಕಡೆಯಿಂದ. ಸಹಾರಾ ಮರುಭೂಮಿಯಿಂದ ಎದ್ದ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಮೇಲೆ ಉದುರುತ್ತದೆ. ಉಪಗ್ರಹದ ದತ್ತಾಂಶವನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಂದಾಜಿನಂತೆ ವರ್ಷಕ್ಕೆ ಸುಮಾರು 2.8 ಕೋಟಿ ಟನ್ ಧೂಳು ಅಲ್ಲಿಗೆ ತಲುಪುತ್ತದೆ, ಅದರಲ್ಲಿ ಸುಮಾರು 22,000 ಟನ್ ರಂಜಕವಿರುತ್ತದೆ. ಒಣಗಿದ ಪುರಾತನ ಸರೋವರದ ತಳವಾದ ಬೊಡೆಲೆ ತಗ್ಗು ಈ ಧೂಳಿನ ಮುಖ್ಯ ಮೂಲಗಳಲ್ಲೊಂದು.

ಸವಕಳಿ ನಿಸರ್ಗದ ನಿಯಮವೇ ಆಗಿರುವಾಗ ಅದಕ್ಕೇಕೆ ಚಿಂತೆ?

ಬೆಟ್ಟ ಸವೆಯುವುದು, ಮೆಕ್ಕಲು ಬಯಲು ಕಟ್ಟುವುದು ನಿಸರ್ಗದ ಕೆಲಸವೇ ಹೌದು. ಚಿಂತೆಯಿರುವುದು ವೇಗದ ಬಗ್ಗೆ. ಹೊದಿಕೆಯಿಲ್ಲದ ಉಳುಮೆಯ ನೆಲ ಮಣ್ಣು ಹುಟ್ಟುವ ವೇಗಕ್ಕಿಂತ ಎಷ್ಟೋ ಪಟ್ಟು ಬೇಗ ಮಣ್ಣನ್ನು ಕಳೆದುಕೊಳ್ಳುತ್ತದೆ. ಮಳೆಹನಿಯ ಹೊಡೆತಕ್ಕೆ ಮಣ್ಣಿನ ಹರಳು ಒಡೆಯುವುದೇ ಮೊದಲ ಹೆಜ್ಜೆ. ಒಡೆದ ಕಣ ಸಂದುಗಳನ್ನು ಮುಚ್ಚಿ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಇಂಗಲಾಗದ ನೀರು ಮೇಲೆಯೇ ಹರಿದು ಕೊರಕಲು ಮಾಡುತ್ತದೆ. 1930ರ ದಶಕದಲ್ಲಿ ಅಮೆರಿಕದ ವಿಶಾಲ ಬಯಲುಗಳಲ್ಲಿ ಹುಲ್ಲನ್ನು ಉತ್ತು ಗೋಧಿ ಬೆಳೆದಿದ್ದ ನೆಲ, ಬರ ಬಂದಾಗ ಗಾಳಿಗೆ ಎದ್ದುಹೋಯಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿ ಹಗಲನ್ನೇ ಕತ್ತಲಾಗಿಸಿತು, ಅದೇ ತಿಂಗಳು ಆ ದೇಶ ಮಣ್ಣಿನ ಸಂರಕ್ಷಣೆಯ ಕಾನೂನನ್ನು ಜಾರಿಗೆ ತಂದಿತು.

ನೀರು ಹೆಚ್ಚಾದರೂ ಮಣ್ಣು ಸಾಯುತ್ತದೆ. ಒಣ ಹವೆಯಲ್ಲಿ ಬಸಿಗಾಲುವೆಯಿಲ್ಲದೆ ನೀರು ಹಾಯಿಸುತ್ತಾ ಹೋದರೆ ಅಂತರ್ಜಲ ಮೇಲೇರಿ, ಆವಿಯಾಗಿ, ಲವಣವನ್ನು ಮೇಲ್ಪದರದಲ್ಲಿ ಬಿಡುತ್ತದೆ. ಚೌಳು ನೆಲ ಹುಟ್ಟುವುದು ಹೀಗೆ. ಹತ್ತಿ ಬೆಳೆಗಾಗಿ ಮಧ್ಯ ಏಷ್ಯಾದ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು 1960ರ ದಶಕದಿಂದ ದೊಡ್ಡ ಪ್ರಮಾಣದಲ್ಲಿ ತಿರುಗಿಸಿದಾಗ ಒಂದೆಡೆ ಅರಲ್ ಸಮುದ್ರ ಬತ್ತಿತು, ಇನ್ನೊಂದೆಡೆ ನೀರುಂಡ ಹೊಲಗಳೇ ಚೌಳಾದವು.

ಪರಿಸರ ವ್ಯವಸ್ಥೆ ಎಂಬ ಪದದ ಸರಿಯಾದ ಅರ್ಥವೇನು?

ಒಂದು ಜಾಗದ ಜೀವಿಗಳೆಲ್ಲವೂ, ಅವು ವ್ಯವಹರಿಸುವ ನೀರು, ಮಣ್ಣು, ಗಾಳಿ, ಬೆಳಕೂ ಸೇರಿ ಆಗುವ ಒಂದು ಘಟಕವೇ ಪರಿಸರ ವ್ಯವಸ್ಥೆ. ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ 1935ರಲ್ಲಿ ಈ ಪರಿಕಲ್ಪನೆಯನ್ನು ಮುಂದಿಟ್ಟನು. ಅದರ ಗಡಿಯನ್ನು ಹಾಕುವವರು ನಾವು: ಒಂದು ಕೊಳವೂ ಪರಿಸರ ವ್ಯವಸ್ಥೆಯೇ, ಆ ಕೊಳದಂಚಿನ ಕೊಳೆಯುತ್ತಿರುವ ಮರದ ದಿಮ್ಮಿಯೂ ಹೌದು.

ಶಕ್ತಿ ಹರಿಯುತ್ತದೆ, ಪೋಷಕಾಂಶ ಸುತ್ತುತ್ತದೆ ಎಂದರೇನು?

ಹುಲ್ಲು ಹಿಡಿದ ಸೂರ್ಯನ ಶಕ್ತಿಯ ದೊಡ್ಡ ಪಾಲು ಹುಲ್ಲಿನ ಉಸಿರಾಟಕ್ಕೇ ಖರ್ಚಾಗುತ್ತದೆ. ಅದನ್ನು ತಿಂದ ಜಿಂಕೆಗೆ ಸ್ವಲ್ಪ ದಕ್ಕುತ್ತದೆ, ಜಿಂಕೆಯನ್ನು ತಿಂದ ಹುಲಿಗೆ ಅದಕ್ಕಿಂತ ಕಡಿಮೆ. ಪ್ರತಿ ಮೆಟ್ಟಿಲಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮುಂದೆ ಸಾಗುತ್ತದೆ ಎನ್ನುವುದು ಸ್ಥೂಲ ಲೆಕ್ಕ, ಎಲ್ಲೆಡೆ ಹಾಗೆಯೇ ಇರುವುದಿಲ್ಲ. ರೇಮಂಡ್ ಲಿಂಡೆಮನ್ ಒಂದು ಚಿಕ್ಕ ಸರೋವರವನ್ನು ಅಭ್ಯಸಿಸಿ ಈ ಮೆಟ್ಟಿಲುಗಳ ವಿಚಾರವನ್ನು 1942ರಲ್ಲಿ ಮಂಡಿಸಿದನು. ದೊಡ್ಡ ಬೇಟೆಪ್ರಾಣಿಗಳು ಎಲ್ಲಿಯೂ ವಿರಳವಾಗಿರುವುದಕ್ಕೆ ಕಾರಣ ಈ ಸೋರಿಕೆಯೇ. ಹೀಗೆ ಕಳೆದುಹೋದ ಶಕ್ತಿ ಶಾಖವಾಗಿ ಹೊರಟುಹೋಗುತ್ತದೆ, ಮರಳುವುದಿಲ್ಲ. ಸಾರಜನಕ, ರಂಜಕ, ಇಂಗಾಲಗಳಾದರೋ ಸತ್ತ ದೇಹದಿಂದ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಮೂಲಕ ಮಣ್ಣಿಗೆ, ಮಣ್ಣಿನಿಂದ ಬೇರಿಗೆ ಮತ್ತೆ ಬರುತ್ತವೆ.

ಎಲ್ಲಕ್ಕೂ ಸೂರ್ಯನೇ ಮೂಲ ಎಂಬ ಮಾತಿಗೂ ಅಪವಾದವಿದೆ. 1977ರಲ್ಲಿ ಗಲಾಪಗೋಸ್ ಹತ್ತಿರ ಸಮುದ್ರದ ಸುಮಾರು 2,500 ಮೀಟರ್ ಆಳದಲ್ಲಿ ಬಿಸಿನೀರಿನ ಬುಗ್ಗೆಗಳ ಸುತ್ತ ದಟ್ಟವಾದ ಜೀವಸಮುದಾಯ ಕಂಡುಬಂತು; ಅಲ್ಲಿಯ ಬ್ಯಾಕ್ಟೀರಿಯಾಗಳು ಗಂಧಕದ ರಾಸಾಯನಿಕಗಳಿಂದ ಆಹಾರ ತಯಾರಿಸುತ್ತವೆ.

ಒಂದು ಪ್ರಭೇದ ಇಲ್ಲವಾದರೆ ಏನಾಗುತ್ತದೆ?

ಯಾವ ಪ್ರಭೇದ ಎಂಬುದರ ಮೇಲೆ ಉತ್ತರ ನಿಂತಿದೆ. ರಾಬರ್ಟ್ ಪೇನ್ 1960ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಂಡೆಗಳ ಕಡಲತೀರದಲ್ಲಿ ಒಂದು ತುಂಡು ಜಾಗದಿಂದ ನಕ್ಷತ್ರಮೀನುಗಳನ್ನು ತೆಗೆಯುತ್ತಾ ಹೋದನು. ಅವುಗಳ ಆಹಾರವಾಗಿದ್ದ ಕಪ್ಪೆಚಿಪ್ಪಿನ ಜಾತಿಯ ಜೀವಿಗಳು ಬಂಡೆಯನ್ನೆಲ್ಲ ಆಕ್ರಮಿಸಿ, 15 ಪ್ರಭೇದಗಳಿದ್ದ ಕಡೆ 8 ಉಳಿದವು. ಸಂಖ್ಯೆಯಲ್ಲಿ ಕಡಿಮೆಯಿದ್ದು ಇಡೀ ಕಟ್ಟಡವನ್ನು ಹಿಡಿದಿಡುವ ಇಂತಹ ಜೀವಿಗಳಿಗೆ ಕಮಾನಿನ ನಡುಗಲ್ಲಿನ (ಕೀಸ್ಟೋನ್) ಹೆಸರು ಬಂದದ್ದು ಅವನಿಂದಲೇ.

ಎಲ್ಲಿ ಕಾಡು, ಎಲ್ಲಿ ಹುಲ್ಲುಗಾವಲು, ಎಲ್ಲಿ ಮರುಭೂಮಿ ಎಂದು ಯಾವುದು ನಿರ್ಧರಿಸುತ್ತದೆ?

ಮುಖ್ಯವಾಗಿ ಉಷ್ಣಾಂಶ ಮತ್ತು ಮಳೆ. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತವನ್ನು ಏರುವಾಗ, ಎತ್ತರ ಹೆಚ್ಚಿದಂತೆ ಸಸ್ಯಗಳು ಪಟ್ಟಿಪಟ್ಟಿಯಾಗಿ ಬದಲಾಗುವುದನ್ನು ಗುರುತಿಸಿದನು. ಪ್ರತಿ ಕಿಲೋಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿಯಂತೆ ಇಳಿಯುವುದೇ ಇದಕ್ಕೆ ಕಾರಣ. ಸಮಭಾಜಕದಲ್ಲಿ ಮೇಲೆದ್ದು ಮಳೆ ಸುರಿಸಿದ ಗಾಳಿ ಸುಮಾರು 30 ಡಿಗ್ರಿ ಅಕ್ಷಾಂಶಗಳಲ್ಲಿ ಒಣದಾಗಿ ಕೆಳಗಿಳಿಯುವುದರಿಂದ ಅಲ್ಲಿ ಮರುಭೂಮಿಗಳ ಸಾಲು ಕಾಣುತ್ತದೆ. ಮರುಭೂಮಿಯೆಂದರೆ ಬಿಸಿಲೇ ಆಗಬೇಕಿಲ್ಲ. ಮಳೆಯ ಲೆಕ್ಕದಲ್ಲಿ ನೋಡಿದರೆ ಅಂಟಾರ್ಕ್ಟಿಕಾ ಜಗತ್ತಿನ ಅತಿ ದೊಡ್ಡ ಮರುಭೂಮಿ.

ಬರಿಯ ಬಂಡೆಯ ಮೇಲೆ ಜೀವ ಹೇಗೆ ನೆಲೆಯೂರುತ್ತದೆ?

ಇದನ್ನು ಮೊದಲಿನಿಂದ ನೋಡುವ ಅವಕಾಶ ವಿಜ್ಞಾನಿಗಳಿಗೆ ಸಿಕ್ಕಿದ್ದು ಐಸ್‌ಲ್ಯಾಂಡಿನ ದಕ್ಷಿಣಕ್ಕೆ, 1963ರ ನವೆಂಬರಿನಲ್ಲಿ ಸಮುದ್ರದಿಂದ ಜ್ವಾಲಾಮುಖಿಯಾಗಿ ಎದ್ದ ಸರ್ಟ್ಸಿ ದ್ವೀಪದಲ್ಲಿ. ಸ್ಫೋಟ ಪೂರ್ತಿ ನಿಲ್ಲುವ ಮೊದಲೇ, 1965ರಲ್ಲಿ, ಅಲೆ ತಂದ ಬೀಜದಿಂದ ಒಂದು ಕಡಲತೀರದ ಸಸ್ಯ ಮರಳಿನಲ್ಲಿ ಮೊಳೆಯಿತು. ಆಮೇಲೆ ಪಾಚಿ ಬಂತು, ಕಲ್ಲುಹೂವು ಬಂತು. ಆದರೂ ಮೊದಲ ಎರಡು ದಶಕ ಹಸಿರು ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿಯೇ ಉಳಿಯಿತು, ಏಕೆಂದರೆ ಮಳೆಯೇನೋ ಸಾಕಷ್ಟಿತ್ತು, ಆದರೆ ನೀರನ್ನೂ ಸಾರಜನಕವನ್ನೂ ಹಿಡಿದಿಡುವ ಮಣ್ಣು ಇರಲಿಲ್ಲ.

1980ರ ದಶಕದ ಮಧ್ಯದಲ್ಲಿ ಕಡಲಹಕ್ಕಿಗಳು ದ್ವೀಪದ ದಕ್ಷಿಣದ ಲಾವಾ ಬಯಲಿನಲ್ಲಿ ಗುಂಪಾಗಿ ಗೂಡುಕಟ್ಟತೊಡಗಿದವು. ಅವುಗಳ ಹಿಕ್ಕೆ ನೆಲಕ್ಕೆ ಗೊಬ್ಬರವಾಯಿತು, ಕಾಲಿಗೂ ಗರಿಗೂ ಅಂಟಿದ ಬೀಜಗಳು ಉದುರಿದವು, ಹುಲ್ಲು ಹರಡಿತು, ಅದರ ಬೇರಡಿಯಲ್ಲಿ ಕಪ್ಪು ಮಣ್ಣಿನ ತೆಳುಪದರ ಕೂಡಿತು. 1993ರಲ್ಲಿ ಅಲ್ಲಿ ಎರೆಹುಳು ಸಿಕ್ಕಿತು. ಇತ್ತ ಸಮುದ್ರವೂ ಸುಮ್ಮನಿಲ್ಲ. ಅಲೆಗಳು ಅಂಚನ್ನು ಕಡಿದು ದ್ವೀಪವನ್ನು ಅದರ ಮೂಲ ವಿಸ್ತಾರದ ಸುಮಾರು ಅರ್ಧಕ್ಕೆ ಇಳಿಸಿವೆ. ಉಳಿದ ಗಟ್ಟಿ ಲಾವಾದ ಮೇಲೆ, ಹಕ್ಕಿಗಳ ಗೂಡುಗಳ ಸುತ್ತ, ಹುಲ್ಲು ಈಗಲೂ ದಟ್ಟವಾಗಿ ಬೆಳೆಯುತ್ತಿದೆ.